ಸೀಟಿಯ ಕೊರಳಿಗೆ ಹಕ್ಕಿಕಣ್ಣು

ಜನವರಿ 9. ಬೆಳಗ್ಗೆ

ಮಗ್ಗಕ್ಕೆ ಎಳೆ ಪೋಣಿಸುವುದು ಇನ್ನೂ ಮುಗಿದಿಲ್ಲ. ನಾಲ್ಕು ಚೌಕಟ್ಟು. ಒಂದರಿಂದ ನಾಲ್ಕಕ್ಕೆ ಹತ್ತಬೇಕು, ನಾಲ್ಕರಿಂದ ಒಂದಕ್ಕೆ ಇಳಿಯಬೇಕು. ಒಂದೊಂದು ಎಳೆಯೂ ಒಂದೊಂದು ಕಣ್ಣಿನೊಳಗೆ. ಹತ್ತಿ ಇಳಿದು, ಹತ್ತಿ ಇಳಿದು ಕುತ್ತಿಗೆ ಹಿಡಿದುಕೊಂಡಿದೆ. ಕನ್ನಡಕದ ಮೇಲೊಂದು ಕನ್ನಡಕ ಹಾಕಬೇಕೇನೋ.

ಡ್ರೈವರ್ ಚಹಾ ತಂದ. ನನ್ನ ಗಂಡ. ಬಸ್ಸು ಬಿಟ್ಟು ಎಷ್ಟೋ ಕಾಲವಾಯಿತು, ಹೆಸರು ಅವನನ್ನು ಬಿಟ್ಟಿಲ್ಲ. ಮಗ್ಗ ಸುತ್ತಿ ಬಂದು ನನ್ನೆದುರು ನಿಂತ. ಹಿಂದಿನಿಂದ ಮಾತಾಡಿದರೆ ನನಗೆ ಗೋಡೆ ಮಾತಾಡಿದ ಹಾಗೆ. ಮಿಲ್ಲಿನ ಮಗ್ಗಗಳು ನನ್ನ ಕಿವಿ ತಿಂದು ತೇಗಿದವು. ಎದುರಿಗಿರುವವರ ತುಟಿಯೇ ಈಗ ನನ್ನ ಕಿವಿ.

“ಈ ಮಗ್ಗ ಬಂದಾಗಿಂದ ನಾನು ನನ್ನ ಮನೇಲೇ ಬಾಡಿಗೆಗೆ ಇದ್ದ ಹಾಗಿದೆ.”

“ಬಾಡಿಗೆ ಕೊಡು ಮತ್ತೆ.”

ಅಂಗೈ ಕೆಳಗೆ ಮಾಡಿ ಒತ್ತಿ ತೋರಿಸಿದ. ಮೆಲ್ಲಗೆ ಅಂತ. “ಕೂಗಬೇಡ ಮಾರಾಯ್ತಿ, ಪಕ್ಕದ ಮನೆಯವರು ಜಗಳ ಅಂದ್ಕೋತಾರೆ.”

ಅಂದುಕೊಳ್ಳಲಿ.

ಮಗ್ಗ ಮಿಲ್ಲಿನ ಸ್ಯಾಂಪಲ್ ರೂಮಿನದು. ಮಿಲ್ಲು ಮುಚ್ಚಿದಾಗ ಗುಜರಿಗೆ ಹೊರಟಿತ್ತು, ತಂದುಕೊಂಡೆ. ಆ ರೂಮಿನ ಹೊಸ್ತಿಲು ನಾವು ದಾಟುವಂತಿರಲಿಲ್ಲ. ಡಿಸೈನ್ ಮಾಸ್ತರರು ಮಾತ್ರ ಕೂರುವ ಮಗ್ಗ. ಈಗ ನಾನು ಕೂತಿದ್ದೇನೆ, ಬರಿಗಾಲಲ್ಲಿ, ಹರಿದ ಸೀರೆಯಲ್ಲಿ. ತಮಾಷೆಯೆಂದರೆ ವಯಸ್ಸೆಲ್ಲ ನೇಯುವವಳು ಅನ್ನಿಸಿಕೊಂಡವಳು ಮಿಲ್ಲಿನಲ್ಲಿ ಒಂದು ಗೇಣೂ ನೇಯಲಿಲ್ಲ. ಮೆಷೀನು ನೇಯುತ್ತಿತ್ತು. ನಾನು ಕಡಿದ ಎಳೆಗೆ ಗಂಟು ಹಾಕುತ್ತಿದ್ದೆ.

ಈ ಸ್ಕಾರ್ಫು ಸೀಟಿಗೆ. ಅವಳ ಗಂಟಲಿನ ತೂತು ಮುಚ್ಚಲು.

ಜನವರಿ 12

ಸೀಟಿ ಮನೆಗೆ ಹೋಗಿ ಬಂದೆ.

ಮುಷ್ಕರದ ದಿನಗಳಲ್ಲಿ ಗೇಟಿನ ಮುಂದೆ ನಿಂತು ಎರಡು ಬೆರಳು ಬಾಯಿಗಿಟ್ಟು ಊದಿದಳೆಂದರೆ ಮಿಲ್ಲಿನ ಸೈರನ್ನು ನಾಚಿಕೊಳ್ಳಬೇಕು. ಅದಕ್ಕೇ ಸೀಟಿ. ಮೊದಲು ಅವಳಿದ್ದದ್ದು ಹತ್ತಿ ಹಿಂಜುವ ಖಾತೆಯಲ್ಲಿ. ಊಟಕ್ಕೆ ಹೊರಬರುವಾಗ ಹುಬ್ಬು, ರೆಪ್ಪೆ, ಮೂಗಿನ ಹೊಳ್ಳೆ ಎಲ್ಲ ಬೆಳ್ಳಗೆ. ಮುದುಕಿ ವೇಷ ಹಾಕಿದ ಹುಡುಗಿ. ಆಮೇಲೆ ನನ್ನ ಪಕ್ಕದ ಮಗ್ಗಕ್ಕೆ ಹಾಕಿದರು. ಎದೆಗೆ ಹೋಗಬೇಕಾದ್ದು ಅಷ್ಟರಲ್ಲಿ ಹೋಗಿಯಾಗಿತ್ತು.

ಹೋದ ವರ್ಷ ಉಸಿರು ಸಿಕ್ಕಿಕೊಂಡು ಆಸ್ಪತ್ರೆ ಸೇರಿದಳು. ಗಂಟಲು ಕೊಯ್ದು ನಳಿಗೆ ಇಟ್ಟರು. ಗಾಳಿ ಅಲ್ಲೇ ಬಂದು ಅಲ್ಲೇ ಹೋಗುತ್ತದೆ, ಬಾಯಿಯ ತನಕ ಬರುವುದಿಲ್ಲ. ದನಿಯಿಲ್ಲ. ತುಟಿ ಮಾತ್ರ ಆಡುತ್ತದೆ.

ಊರಿಗೆಲ್ಲ ಅವಳು ಮೂಗಿ. ನನಗಲ್ಲ. ಆ ಗದ್ದಲದಲ್ಲಿ ನಾವು ಹೆಂಗಸರೆಲ್ಲ ಮಾತಾಡಿದ್ದೇ ಹೀಗೆ — ದನಿ ಬಿಟ್ಟು, ಬಾಯಿ ದೊಡ್ಡದು ಮಾಡಿ, ಸಾಲಿನಿಂದ ಸಾಲಿಗೆ. ಸೂಪರ್‌ವೈಸರನ ಬೆನ್ನ ಹಿಂದೆ ಅವನ ವಂಶವನ್ನೇ ಜಾಲಾಡುತ್ತಿದ್ದೆವು. ಅವನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ.

“ಲೇ ಕಿವುಡಿ, ಎಲ್ಲಿಗೆ ಬಂತು?”

“ಎಳೆ ಪೋಣಿಸ್ತಿದೀನಿ.”

“ಇನ್ನೂನಾ? ನನ್ನ ಹೆಣಕ್ಕೆ ಹೊದಿಸೋಕಾ?”

“ಅಷ್ಟು ಸುಲಭಕ್ಕೆ ಹೋಗೋಳಾ ನೀನು?”

ವಿಚಾರಣೆ ಮುಂದಿನ ತಿಂಗಳು. ಅವಳ ತುಟಿ ಓದಿ ಅಲ್ಲಿ ದನಿ ಕೊಡುವವಳು ನಾನು. ಎದೆಯ ರೋಗ ಮಿಲ್ಲಿನ ಧೂಳಿನಿಂದ ಬಂದದ್ದು ಎಂದು ಸರ್ಕಾರ ಬರೆಯಬೇಕು. ಅಷ್ಟೇ ಅವಳ ಹಟ. ಒಬ್ಬಳದು ಬರೆದರೆ ಹಿಂಜುವ ಖಾತೆಯಲ್ಲಿ ಕೆಮ್ಮುತ್ತಾ ಸತ್ತವರದ್ದೂ, ಕೆಮ್ಮುತ್ತಾ ಬದುಕಿರುವವರದ್ದೂ ಬರೆಯಬೇಕಾಗುತ್ತದೆ. ಕಂಪನಿ ‘ಅವಳಿಗೆ ಹುಟ್ಟಿದಾಗಿನಿಂದ ದಮ್ಮು’ ಅನ್ನುತ್ತದೆ. ಎಂಥ ಬಾಯಿ ಅದು! ಧೂಳು ತಿನ್ನಿಸಿದ್ದು ಅವರು, ಹುಟ್ಟಿಸಿದ ತಾಯಿಯ ತಲೆಗೆ ಕಟ್ಟುವುದೂ ಅವರೇ.

“ಬ್ಯಾಂಡೇಜ್ ಸುತ್ಕೊಂಡು ಅವರ ಮುಂದೆ ಕೂರಲ್ಲ ನಾನು. ಅಯ್ಯೋ ಪಾಪ ಅಂತಾರೆ. ಪಾಪ ಅನ್ನಿಸ್ಕೊಳ್ಳೋಕೆ ಹೋಗ್ತಿಲ್ಲ. ಹಕ್ಕಿಕಣ್ಣು ಹಾಕ್ಕೊಂಡು ಹೋಗ್ತೀನಿ.”

ಹಕ್ಕಿಕಣ್ಣು — ಸಣ್ಣ ಚೌಕ, ನಡುವೆ ಚುಕ್ಕೆ. ನಮ್ಮ ಕೈಯಲ್ಲಿ ಮೈಲಿಗಟ್ಟಲೆ ಹರಿದು ಹಡಗು ಹತ್ತಿ ಹೋದ ಬಟ್ಟೆ. ಅದರ ಒಂದು ಚಿಂದಿ ನಮ್ಮ ಯಾರ ಮನೆಯಲ್ಲೂ ಇಲ್ಲ. ದಿನವೂ ಗೇಟಿನಲ್ಲಿ ರವಿಕೆಯೊಳಗೆ ಕೈ ಹಾಕಿ ನೋಡಿ ಬಿಡುತ್ತಿದ್ದರು, ಕಳ್ಳಿಯರನ್ನು ನೋಡುವ ಹಾಗೆ.

“ಮತ್ತೆ ಕೇಳು,” ಅಂದಳು. “ಅಲ್ಲಿ ನಾನು ಬೈದರೆ ಬೈಗುಳಾನೇ ಹೇಳು. ಸಕ್ಕರೆ ಬೆರೆಸಬೇಡ. ಒಂದು ಮಾತು ಹೆಚ್ಚು ಬೇಡ, ಒಂದು ಕಮ್ಮಿ ಬೇಡ.”

ಸೀಟಿಯ ಮಗಳು ಬಾಗಿಲಲ್ಲಿ ನಿಂತಿದ್ದಳು. “ಅಮ್ಮ ಏನಂದಳು ದೊಡ್ಡಮ್ಮ?”

“ಬ್ಯಾಂಡೇಜ್ ಬೇಡವಂತೆ.”

“ಅಷ್ಟೇನಾ? ಅಷ್ಟು ಹೊತ್ತು ಬಾಯಾಡಿಸಿದಳಲ್ಲ.”

ಅಂಗಡಿಯ ಕ್ಯಾಶ್ ಕೌಂಟರಿನಿಂದ ಬಂದು ನಳಿಗೆ ತೊಳೆಯುವವಳು ಅವಳು. ಕಫ ಎಳೆಯುವವಳು ಅವಳು. ಅಮ್ಮನ ಮಾತು ಸಿಗುವುದು ನನಗೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ಜನವರಿ 15

ಉದ್ದದ ಎಳೆ, ಹಾಸು, ನೀಲಿ; ಅಡ್ಡದ ಎಳೆ, ಹೊಕ್ಕು, ಬಿಳಿ. ಇದ್ದುದರಲ್ಲೇ ಮೆತ್ತನೆಯ ನೂಲು ಆರಿಸಿದೆ. ಹುರಿ ಕಮ್ಮಿ, ಮುಟ್ಟಿದರೆ ಕೋಳಿಮರಿಯ ಮೈ. ನಳಿಗೆಯ ಸುತ್ತ ಚರ್ಮ ಕೆಂಪಗೆ ಹುಣ್ಣಾಗಿದೆ ಅವಳಿಗೆ. ಗಡಸು ಬಟ್ಟೆ ತಾಗಬಾರದು.

ಪೆಡಲು ಒತ್ತಿದರೆ ಎಳೆಗಳು ಬಾಯಿ ಬಿಡುತ್ತವೆ. ಲಾಳಿ ತೂರಿಸು. ಬಾಚಣಿಗೆಯಂಥ ಫಣಿ ಎಳೆದು ಬಡಿ. ಸದ್ದು ಕೇಳದು, ಅಂಗಾಲಿನಿಂದ ಮೊಳಕಾಲಿಗೆ ಏರಿ ಬರುತ್ತದೆ. ಚೆನ್ನಾಗಿದೆ.

ಡ್ರೈವರ್ ಪೊರಕೆ ಹಿಡಿದು ಬಂದು ಎದುರು ನಿಂತ. ಮೀಸೆಯ ಮೇಲೆ ಒಂದು ಎಳೆ ಕೂತಿತ್ತು. “ಮನೆ ತುಂಬ ಹತ್ತಿ ಹಾರ್ತಿದೆ ನೋಡು. ಸಾರಿನ ಮೇಲೂ ಕೂತಿತ್ತು.”

“ಎಲ್ಲಿ? ನನಗೇನೂ ಕಾಣ್ತಿಲ್ಲ.”

“ಹುಂ. ಮೀನಿಗೆ ನೀರು ಕಾಣುತ್ತಾ?”

ಅವನಿಗೆ ಮಾತಿನಲ್ಲಿ ಗೆಲ್ಲಬೇಕು, ಅಷ್ಟೇ.

ಜನವರಿ 21

ಕಾಲು ತಪ್ಪಿತು. ಎರಡನೇ ಪೆಡಲು ಒತ್ತಬೇಕಾದಲ್ಲಿ ಮೂರನೇದು ಒತ್ತಿದ್ದೇನೆ, ಗಮನಕ್ಕೆ ಬಂದಾಗ ಒಂದು ಗೇಣು ಮುಂದೆ ಬಂದಾಗಿತ್ತು. ಒಂದು ಸಾಲು ಹಕ್ಕಿಗಳಿಗೆ ಕಣ್ಣು ಕುಕ್ಕಿದ ಹಾಗೆ. ಡ್ರೈವರ್ ಅಂದ: “ಯಾರು ನೋಡ್ತಾರೆ?” ಸೀಟಿ ನೋಡ್ತಾಳೆ. ಮೊದಲು ಅದನ್ನೇ ನೋಡ್ತಾಳೆ. ಒಂದೊಂದೇ ಹೊಕ್ಕು ಹಿಂದಕ್ಕೆ ತೆಗೆದೆ. ಮೆತ್ತನೆ ನೂಲು, ತೆಗೆಯುವಾಗ ಎಳೆ ಎಳೆಗೂ ಹತ್ತಿಯ ನವಿರು ಕಿತ್ತು ಬರುತ್ತದೆ. ಅದೇ ನೂಲು ಮತ್ತೆ ಹಾಕಿದೆ.

ಜನವರಿ 28

ಮಗ್ಗದಿಂದ ಇಳಿಸಿದೆ. ಒಗೆದು ಒಣಗಿಸಲೂ ತಾಳ್ಮೆ ಸಾಲಲಿಲ್ಲ, ಹಾಗೇ ಒಯ್ದೆ.

ಸೀಟಿ ಮೊದಲು ತಿರುಗಿಸಿ ಹಿಂಬದಿ ನೋಡಿದಳು. ಆಮೇಲೆ ಅಂಚು ಎಳೆದು ನೋಡಿದಳು. ಮಿಲ್ಲಿನ ಬುದ್ಧಿ ಎಲ್ಲಿ ಹೋಗುತ್ತೆ. ಆಮೇಲೆ ಕೆನ್ನೆಗೆ ಒತ್ತಿಕೊಂಡಳು. ಮಗಳು ಕಟ್ಟಿದಳು, ಕನ್ನಡಿ ಹಿಡಿದಳು.

“ಹೇಗಿದೀನಿ?”

“ಮಿಲ್ ಮಾಲೀಕನ ಹೆಂಡತಿ ಥರ.”

“ಥೂ. ಬಿಚ್ಚು ಇದನ್ನ.”

ಮೂವರೂ ನಕ್ಕೆವು. ಅವಳ ನಗು ನಳಿಗೆಯಿಂದ ಬರುತ್ತದೆ, ಬಟ್ಟೆ ಕುಣಿಯುತ್ತದೆ. ಕುಣಿಯುವ ಹಕ್ಕಿಕಣ್ಣುಗಳು.

ಈ ವರ್ಷದಲ್ಲಿ ಇಷ್ಟು ಖುಷಿಯಾಗಿ ಮನೆಗೆ ಬಂದದ್ದಿಲ್ಲ.

ಜನವರಿ 30. ಬೆಳಗ್ಗೆ

ಮಗಳು ಬಂದಿದ್ದಳು. ಚಪ್ಪಲಿ ಬಿಡಲಿಲ್ಲ. ಕೂರಲಿಲ್ಲ. ನನಗೆ ಕಾಣಲೆಂದು ನನ್ನ ಗದ್ದ ಹಿಡಿದು ತನ್ನ ಮುಖದ ಕಡೆ ತಿರುಗಿಸಿಕೊಂಡಳು.

“ನಿನ್ನೆಯಿಂದ ಕೆಮ್ಮು. ಮುಖ ನೀಲಿ ಆಯ್ತು. ಆಂಬುಲೆನ್ಸಲ್ಲಿ ಕರ್ಕೊಂಡು ಹೋದೆ. ನಳಿಗೆಯೊಳಗಿಂದ ನರ್ಸ್ ಏನು ಎಳೆದಳು ಗೊತ್ತಾ? ಹತ್ತಿ. ನೀಲಿ, ಬಿಳಿ. ನಿಮ್ಮ ಸ್ಕಾರ್ಫಿಂದು. ಮಿಲ್ ಅರ್ಧ ಕೊಂದಿತ್ತು ದೊಡ್ಡಮ್ಮ, ಉಳಿದರ್ಧ ನೀವು ಕೊಂದ್ರಿ. ಹಾಗೇ ಹೇಳಿದೀನಿ ನರ್ಸ್ ಹತ್ರ.”

ಅವಳ ತುಟಿ ನಡುಗುತ್ತಿತ್ತು, ಆದರೂ ಒಂದಕ್ಷರ ತಪ್ಪಲಿಲ್ಲ ನನಗೆ. ತಪ್ಪಬಾರದಿತ್ತೇ ಎಂದುಕೊಂಡೆ.

ಹೋದ ಮೇಲೆ ಮಗ್ಗದ ಕೆಳಗೆ ಕೂತೆ. ಕಿಟಕಿಯ ಬಿಸಿಲು ಬಿದ್ದಿತ್ತು. ಆಗ ಕಂಡಿತು. ಗಾಳಿಯ ತುಂಬ. ಹಲಗೆಯ ಮೇಲೆ, ಪೆಡಲಿನ ಮೇಲೆ, ನನ್ನ ಕೈಯ ರೋಮದ ಮೇಲೆ. ವಯಸ್ಸೆಲ್ಲ ಇದರೊಳಗೇ ಉಸಿರಾಡಿದವಳಿಗೆ ಇದು ಗಾಳಿಯೇ. ಹತ್ತಿಯಿಂದ ಎದೆ ಸುಟ್ಟುಕೊಂಡವಳ ತೆರೆದ ಗಂಟಲಿಗೆ, ಮೆತ್ತಗಿರಲಿ ಎಂದು, ಹತ್ತಿಯನ್ನೇ ಕಟ್ಟಿದೆ ನಾನು.

ಫೆಬ್ರವರಿ 2

ನೇಯಲಿಲ್ಲ. ಬರೆಯುವುದಕ್ಕೂ ಏನಿಲ್ಲ.

ಫೆಬ್ರವರಿ 8

ಸೀಟಿ ಮನೆಗೆ ಬಂದಿದ್ದಾಳೆ, ಕರೆಸಿದಳು. ಡ್ರೈವರ್ ನನ್ನನ್ನು ಎಳೆದುಕೊಂಡು ಹೋದ. ಕುತ್ತಿಗೆಗೆ ಬ್ಯಾಂಡೇಜು. ಇನ್ನೂ ಇಳಿದಿದ್ದಾಳೆ, ಮೂಗೇ ಮುಂದೆ ಕಾಣುತ್ತದೆ.

ಬಾಯಿ ತೆರೆದು ನಾನು ಏನೋ ಹೇಳಹೊರಟೆ. ಕೈಯೆತ್ತಿ ನಿಲ್ಲಿಸಿದಳು.

“ಅಳೋದಾದ್ರೆ ಹೊರಗೆ ಹೋಗಿ ಅತ್ತು ಬಾ. ನೂಲು ಯಾವುದು ಹಾಕಿದ್ದೆ?”

“ಮೆತ್ತನೇದು. ಹುರಿ ಕಮ್ಮಿ.”

“ಮಂಕೇ. ಹೊಲಿಗೆ ದಾರದ ಥರದ್ದು ಹಾಕು. ಗಟ್ಟಿ ಹುರಿ, ಮೆರುಗು ಕೊಟ್ಟಿದ್ದು. ಒಗೆದು, ಬಡಿದು, ಮತ್ತೆ ಒಗೆದು ತಾ. ಕುಚ್ಚು ಬೇಡ, ಮಡಿಚಿ ಹೊಲಿ.”

“ಇನ್ನೊಂದು ಸಲ ನನ್ನ ಕೈಯಿಂದ ಬೇಡ ಕಣೇ.”

“ಮತ್ತೆ ಯಾರ ಕೈಯಿಂದ? ನಿನ್ನ ಗಂಡನ ಕೈಯಿಂದ ಬಸ್ಸಲ್ಲಿ ನೇಯಿಸಲಾ?”

ಮಗಳು ನನ್ನ ಕಡೆ ನೋಡಲಿಲ್ಲ. ಚಹಾ ಕೊಟ್ಟಳು, ಲೋಟ ಕೈಗೆ ಕೊಡಲಿಲ್ಲ, ಸ್ಟೂಲಿನ ಮೇಲೆ ಇಟ್ಟಳು.

ಫೆಬ್ರವರಿ 17

ಗಟ್ಟಿ ದಾರ ಜಾರುತ್ತದೆ. ಮೆತ್ತನೆ ನೂಲು ಒಂದನ್ನೊಂದು ಹಿಡಿದುಕೊಳ್ಳುತ್ತಿತ್ತು, ಇದು ನಂಟೇ ಬೇಡ ಅನ್ನುತ್ತದೆ. ಹೆಚ್ಚು ಬಡಿಯಬೇಕು. ಕಿಟಕಿ ತೆರೆದಿದ್ದೇನೆ, ಒದ್ದೆ ಬಟ್ಟೆಯಲ್ಲಿ ಮಗ್ಗ ಒರೆಸುತ್ತೇನೆ. ಬಿಸಿಲಿನಲ್ಲಿ ಬಗ್ಗಿ ಗಾಳಿ ನೋಡುತ್ತೇನೆ, ಹುಚ್ಚಿಯ ಹಾಗೆ. ಡ್ರೈವರ್ ಪೊರಕೆ ಬದಿಗಿಟ್ಟ. ಅವನೂ ಬಗ್ಗಿ ನೋಡಿದ.

ಫೆಬ್ರವರಿ 22

ಮುಗಿಯಿತು. ಒಗೆದೆ, ಬಡಿದೆ, ಕರಿ ಬಟ್ಟೆಯ ಮೇಲೆ ಕೊಡವಿದೆ. ಏನೂ ಉದುರಲಿಲ್ಲ. ಮತ್ತೆ ಒಗೆದೆ. ಸೀಟಿ ಕಟ್ಟಿಕೊಂಡು ಇಡೀ ಮಧ್ಯಾಹ್ನ ಕೂತಳು. ನಾನೂ ಕೂತೆ. ಕೆಮ್ಮಲಿಲ್ಲ.

ಗಟ್ಟಿ ದಾರದಲ್ಲಿ ಚಿತ್ತಾರ ಚೂಪಾಗಿ ಬಂದಿದೆ. “ಈಗ ನೋಡು ಹಕ್ಕಿ ಎಚ್ಚರ ಆಯ್ತು,” ಅಂದಳು.

ಫೆಬ್ರವರಿ 24. ಸಂಜೆ

ವಿಚಾರಣೆ. ಬಿಡದೆ ಎಲ್ಲ ಬರೆಯಬೇಕು.

ಕಚೇರಿ ಎರಡನೇ ಮಹಡಿ, ಲಿಫ್ಟ್ ಕೆಟ್ಟಿದೆ. ಉಸಿರಿಲ್ಲದವರ ಕೇಸು ಕೇಳುವ ಜಾಗಕ್ಕೆ ಮೆಟ್ಟಿಲು! ಸೀಟಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಡ್ರೈವರ್ ಒಂದು ಕಡೆ, ಯೂನಿಯನ್ ಸೆಕ್ರೆಟರಿ ಒಂದು ಕಡೆ ಹೊತ್ತರು. “ಮೆರವಣಿಗೆ ಅಂದ್ರೆ ಇದು,” ಅಂದಳು ಸೀಟಿ.

ಉದ್ದ ಮೇಜು. ಅಧಿಕಾರಿ, ಗುಮಾಸ್ತೆ, ಕಂಪನಿಯ ಡಾಕ್ಟರು, ಕಂಪನಿಯ ವಕೀಲ. ವಕೀಲನಿಗೆ ದಪ್ಪ ಮೀಸೆ. ಕಿಟಕಿ ಕಡೆ ಮುಖ ಮಾಡಿ ಮಾತಾಡುತ್ತಾನೆ. “ನನ್ನ ಕಡೆ ತಿರುಗಿ ಮಾತಾಡಿ” ಅಂದೆ. ಕೂಗಿದೆ ಅಂತ ಕಾಣುತ್ತದೆ, ಗುಮಾಸ್ತೆ ಬೆಚ್ಚಿಬಿದ್ದ.

ವಕೀಲ ಶುರು ಮಾಡಿದ್ದೇ ಅಲ್ಲಿಂದ: “ಕಿವಿ ಕೇಳದವರು ಬಾಯಿ ಬಾರದವರ ಮಾತು ಹೇಳ್ತಾರಂತೆ. ಇದನ್ನ ನಂಬೋದು ಹೇಗೆ ಸರ್?”

ಅಧಿಕಾರಿ ಪರೀಕ್ಷೆ ಮಾಡೋಣ ಅಂದರು. ನನ್ನನ್ನು ಹೊರಗೆ ಕಳಿಸಿ ವಕೀಲ ಒಂದು ವಾಕ್ಯ ಬರೆದು ಸೀಟಿಗೆ ತೋರಿಸಿದ. ಒಳಗೆ ಕರೆದರು. ಸೀಟಿ ತುಟಿಯಾಡಿಸಿದಳು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ:

“‘ನಮ್ಮ ಮನೇಲಿ ಎರಡು ಬೆಕ್ಕು ಇದೆ’ ಅಂತ ಬರೆದಿದಾನೆ. ಸುಳ್ಳು. ಮೂರನೇದು ಮೂಗಿನ ಕೆಳಗೆ ಮಲಗಿದೆ.”

ಗುಮಾಸ್ತೆ ಬಾಯಿಗೆ ಕೈ ಅಡ್ಡ ಹಿಡಿದ. ಅಧಿಕಾರಿಯ ಹೆಗಲು ಕುಣಿಯಿತು. ಚೀಟಿ ನೋಡಿದರು. ಎರಡು ಬೆಕ್ಕು. ಮುಂದುವರಿಸಿ ಅಂದರು.

ಅಲ್ಲಿಂದ ಸೀಟಿ ಹೇಳಿದಳು, ನಾನು ಹೇಳಿದೆ, ಗುಮಾಸ್ತೆ ಬರೆದ. ಹಿಂಜುವ ಖಾತೆಯಲ್ಲಿ ಎದುರಿನವರ ಮುಖ ಕಾಣುತ್ತಿರಲಿಲ್ಲ. ಧೂಳು ಎಳೆಯುವ ಫ್ಯಾನುಗಳು ಇನ್‌ಸ್ಪೆಕ್ಟರ್ ಬಂದ ದಿನ ಮಾತ್ರ ತಿರುಗುತ್ತಿದ್ದವು. ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ‘ನಾಟಕ ಮಾಡ್ತೀಯಾ’ ಅಂತ ಬಿಚ್ಚಿಸುತ್ತಿದ್ದರು. ನನ್ನ ಬಾಯಿಂದ ಅವಳ ಮಾತು ಬರುತ್ತಿತ್ತು, ನನಗೆ ನನ್ನ ದನಿ ಕೇಳಿಸುತ್ತಿರಲಿಲ್ಲ. ಅವಳದೇ ದನಿ ಅನ್ನಿಸುತ್ತಿತ್ತು.

ಆಗ ವಕೀಲ ನಾವೇ ಕೊಟ್ಟಿದ್ದ ಆಸ್ಪತ್ರೆಯ ಕಾಗದ ಎತ್ತಿಕೊಂಡ. ಈ ಸಲ ನನ್ನ ಕಡೆ ಸರಿಯಾಗಿ ತಿರುಗಿ, ಬಿಡಿಸಿ ಬಿಡಿಸಿ ಮಾತಾಡಿದ.

“ಜನವರಿ ಕೊನೇಲಿ ಇವರ ನಳಿಗೆಯಿಂದ ಹತ್ತಿ ಎಳೆ ತೆಗೆದಿದಾರೆ. ಮನೇಲಿ ನೇಯ್ದ ಸ್ಕಾರ್ಫಿನದು, ಮಗಳ ಹೇಳಿಕೆ ಅಂತ ಬರೆದಿದೆ. ಮಿಲ್ ಮುಚ್ಚಿ ಎಷ್ಟು ಕಾಲ ಆಯ್ತು? ಇವರ ಗಂಟಲಿಗೆ ಹತ್ತಿ ಹಾಕ್ತಿರೋರು ಯಾರು? ಕೇಳಿ ಇವರನ್ನ. ಆ ಬಟ್ಟೆ ನೇಯ್ದೋರು ಯಾರು?”

ಮಗಳು ತಲೆ ತಗ್ಗಿಸಿದಳು. ನಾನು ಸೀಟಿಯ ಕಡೆ ತಿರುಗಿದೆ.

ಸೀಟಿ ನನ್ನನ್ನೇ ನೋಡುತ್ತಿದ್ದಳು. ಮೆಲ್ಲಗೆ, ಒಂದೊಂದೇ ಮಾತು, ಆ ಗದ್ದಲದಲ್ಲಿ ಹೇಳುತ್ತಿದ್ದ ಹಾಗೆ ಬಾಯಿ ದೊಡ್ಡದು ಮಾಡಿ ಹೇಳಿದಳು. ನಾನು ಹೇಳಿದೆ:

“ನೇಯ್ದೋಳು ಇವಳೇ. ಈಗ ಮಾತಾಡ್ತಿರೋಳು. ಪ್ರೀತಿಗೆ ನೇಯ್ದಳು. ಒಂದು ದಿನ ಕಟ್ಟಿಕೊಂಡೆ. ಒಂದೇ ದಿನದ ಹತ್ತಿ ನನ್ನ ಉಸಿರು ನಿಲ್ಲಿಸ್ತು ಅಂತ ನಿಮ್ಮ ಕಾಗದಾನೇ ಹೇಳ್ತಿದೆ. ಇವರ ಮಿಲ್ಲಲ್ಲಿ ನನ್ನ ವಯಸ್ಸೇ ಕಳೀತು. ಆ ಹತ್ತಿ ಎಲ್ಲಿ ಹೋಯ್ತು ಅಂತ ಬರೀರಿ ಸ್ವಾಮಿ.”

ಗುಮಾಸ್ತೆ ಪೆನ್ನು ಊರಿದ.

ವಕೀಲ ಎದ್ದು ನಿಂತ. ನೇಯ್ದವಳೇ ಅನುವಾದ ಮಾಡುತ್ತಿದ್ದಾಳೆ, ತನ್ನ ತಪ್ಪು ಮುಚ್ಚಿಕೊಳ್ಳಲು ಏನು ಬೇಕಾದರೂ ಹೇಳಬಹುದು, ಇವಳ ಬಾಯಿಂದ ಬಂದದ್ದು ಯಾವುದೂ ದಾಖಲೆಯಲ್ಲಿ ಇರಕೂಡದು ಅಂದ. ಅಧಿಕಾರಿ ಮೇಜು ನೋಡಿದರು. ಗಡಿಯಾರ ನೋಡಿದರು. ಗುಮಾಸ್ತೆಗೆ ಬರೆಯುವುದು ನಿಲ್ಲಿಸಲು ಹೇಳಿದರು. ಸಂಬಂಧವಿಲ್ಲದ ಬೇರೆ ಅನುವಾದಕರನ್ನು ಕರೆತನ್ನಿ, ಮುಂದಿನ ತಾರೀಕು ತಿಳಿಸುತ್ತೇವೆ ಅಂದರು.

ಬರೆದದ್ದಕ್ಕೆಲ್ಲ ಅಡ್ಡಗೆರೆ ಎಳೆದರು. ನನ್ನ ಕಣ್ಣೆದುರೇ.

ಫೆಬ್ರವರಿ 25

ಅನುವಾದಕರಂತೆ! ಮಿಲ್ಲಿನ ಹೆಂಗಸರ ತುಟಿಮಾತು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ? ಕಿವಿ ಕಿತ್ತುಕೊಂಡವರು ಅವರು, ದನಿ ಕಿತ್ತುಕೊಂಡವರು ಅವರು, ಇಬ್ಬರೂ ಸೇರಿ ಹೇಗೋ ಒಂದು ಬಾಯಿ ಮಾಡಿಕೊಂಡರೆ ಅದಕ್ಕೂ ಸಂಬಂಧ ಅನ್ನುತ್ತಾರೆ. ಹೌದು, ಸಂಬಂಧ ಇದೆ. ಅದು ಇಲ್ಲದಿದ್ದರೆ ತುಟಿ ಯಾರು ನೋಡುತ್ತಿದ್ದರು?

ಪೆಡಲು ಒತ್ತಿ ಬಿಟ್ಟೆ, ಒತ್ತಿ ಬಿಟ್ಟೆ. ಖಾಲಿ ಮಗ್ಗ.

ಮಾರ್ಚ್ 11

ಸೀಟಿ ಮತ್ತೆ ಆಸ್ಪತ್ರೆಯಲ್ಲಿ. ಒಬ್ಬರನ್ನೇ ಒಳಗೆ ಬಿಡುವುದು, ಅದೂ ರಕ್ತಸಂಬಂಧಿ. ಗಾಜಿನಾಚೆಯಿಂದ ನೋಡಿದೆ. ಹಾಸಿಗೆ ಆ ಕಡೆ ತಿರುಗಿದೆ. ಪಾದ ಮಾತ್ರ ಕಂಡಿತು. ಎಷ್ಟು ಹೊತ್ತು ನಿಂತರೂ ಪಾದವೇ.

ಮಗಳು ಹೊರಬಂದಳು. “ಅಮ್ಮ ನನ್ನ ಮುಖಾನೇ ನೋಡ್ತಿಲ್ಲ ದೊಡ್ಡಮ್ಮ. ಆ ಕಾಗದದಲ್ಲಿ ನನ್ನ ಮಾತು ಇತ್ತಲ್ಲ, ಅದಕ್ಕೆ.” ಕಾರಿಡಾರಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟಳು. ಅವಳ ಮುಖ ಕಾಣಲಿಲ್ಲ, ಏನು ಹೇಳಿ ಅತ್ತಳೋ ತಿಳಿಯಲಿಲ್ಲ.

ಮಾರ್ಚ್ 14

ಸೀಟಿ ಇಲ್ಲ.

ಮಾರ್ಚ್ 20

ಮಗಳು ಬಂದಿದ್ದಳು. ಕುತ್ತಿಗೆಯಲ್ಲಿ ಹಕ್ಕಿಕಣ್ಣು. ಆಸ್ಪತ್ರೆಯವರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರಂತೆ, ಒಗೆದು ಹಾಕಿಕೊಂಡಿದ್ದಾಳೆ.

ಫೋನು ತೆಗೆದಳು. “ಹೋಗೋ ಹಿಂದಿನ ದಿನ ಫೋನಲ್ಲಿ ವಿಡಿಯೋ ತೆಗಿ ಅಂತ ಸನ್ನೆ ಮಾಡಿದಳು ದೊಡ್ಡಮ್ಮ. ಸ್ಕಾರ್ಫ್ ಕೇಳಿದಳು, ಕಟ್ಟಿದೆ. ಆಮೇಲೆ ಮಾತಾಡಿದಳು. ತುಂಬ ಹೊತ್ತು. ನನಗೆ ಒಂದು ಮಾತೂ ತಿಳೀಲಿಲ್ಲ. ನಾನು ಸುಮ್ಮನೆ ಹುಂ ಹುಂ ಅಂತಿದ್ದೆ.”

ನೋಡಿದೆ. ಪೂರ್ತಿ ನೋಡಿದೆ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. “ನನಗೆ ಏನಂದಳು? ಸಿಟ್ಟಲ್ಲೇ ಹೋದಳಾ?”

ನಾನು ಹೇಳಿದೆ: “ಇಲ್ಲ. ನಿನ್ನ ಮೇಲೆ ಸಿಟ್ಟಿಲ್ಲ ಅಂದಳು. ನೀನಿಲ್ಲದಿದ್ರೆ ಈ ವರ್ಷ ನಾನು ಎಲ್ಲಿ ಇರ್ತಿದ್ದೆ ಅಂದಳು.”

ನೆಲದ ಮೇಲೆ ಕೂತು ಅತ್ತಳು. ಡ್ರೈವರ್ ನೀರು ತಂದ. ಹೋಗುವಾಗ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ಮಾರ್ಚ್ 21

ಸೀಟಿ ಫೋನಿಗೆ ಹೇಳಿದ್ದು ಸಾಕ್ಷ್ಯ. ಮೊದಲಿನಿಂದ ಕೊನೆಯ ತನಕ. ಅಡ್ಡಗೆರೆ ಎಳೆದರಲ್ಲ, ಅದಷ್ಟನ್ನೂ ಮತ್ತೆ ಹೇಳಿದ್ದಾಳೆ. ಹಿಂಜುವ ಖಾತೆ. ಫ್ಯಾನು. ಇನ್‌ಸ್ಪೆಕ್ಟರು. ಬಿಚ್ಚಿಸಿದ ಬಟ್ಟೆ. ಅಲ್ಲಿ ಹೇಳದೆ ಬಿಟ್ಟಿದ್ದ, ಜತೆಗಿದ್ದು ಸತ್ತವರ ಹೆಸರುಗಳು. ನಡುನಡುವೆ ಉಸಿರಿಗೆ ನಿಂತು, ಮತ್ತೆ. ಕೊನೆಗೆ: ಬರೀರಿ ಸ್ವಾಮಿ.

ಮಗಳ ಬಗ್ಗೆ ಒಂದು ಮಾತಿಲ್ಲ. ನನ್ನ ಬಗ್ಗೆಯೂ ಇಲ್ಲ. ಇದ್ದ ಉಸಿರನ್ನೆಲ್ಲ ಅದಕ್ಕೇ ಸುರಿದಿದ್ದಾಳೆ. ಸಿಟ್ಟಿತ್ತೋ ಇಲ್ಲವೋ, ನನಗೇನು ಗೊತ್ತು?

ಒಂದು ಸುಳ್ಳು ಹೇಳಿದೆ. ಹೇಳಿದರೇನಾಯಿತು? ಮಗು ಅನ್ನ ಉಣ್ಣುತ್ತಿದ್ದಾಳೆ ಅಂತ ಡ್ರೈವರ್ ಹೇಳಿದ.

ಮಾರ್ಚ್ 27

ಸೆಕ್ರೆಟರಿ ಓಡಿ ಬಂದ. ಎರಡೂ ಕೈಯಿಂದ ನನ್ನ ಹೆಗಲು ಹಿಡಿದು ಕುಲುಕಿದ. ಸೀಟಿಯ ವಿಡಿಯೋವನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಲು ಅಧಿಕಾರಿ ಒಪ್ಪಿದ್ದಾರೆ. ಕಿವುಡು ಮಕ್ಕಳ ಶಾಲೆಯ ಟೀಚರ್ ಒಬ್ಬರು ತುಟಿ ಓದುತ್ತಾರಂತೆ, ನಮಗೆ ಸಂಬಂಧವಿಲ್ಲದವರು. ನಾನೊಂದು ಸಲ ಬರೆದು ಕೊಡಬೇಕು, ಅವರು ನನ್ನನ್ನು ಕೇಳದೆ ಬೇರೆಯಾಗಿ ಬರೆಯುತ್ತಾರೆ. ಎರಡೂ ತಾಳೆಯಾದರೆ ದಾಖಲೆ.

“ಒಂದು ಮಾತು ಆಚೀಚೆ ಆಗಬಾರದು ಅಕ್ಕಾ. ವಕೀಲ ಕಾಯ್ತಿದಾನೆ.”

ಮಗಳು ಜತೆಗಿದ್ದಳು. ಮುಖ ಅರಳಿತ್ತು. “ಅಮ್ಮ ನನಗೆ ಹೇಳಿದ್ದೂ ಬರೀರಿ ದೊಡ್ಡಮ್ಮ. ಆ ಕಾಗದದಲ್ಲಿ ನನ್ನ ಕೆಟ್ಟ ಮಾತು ಇದೆಯಲ್ಲ, ಪಕ್ಕದಲ್ಲಿ ಇದೂ ಇರಲಿ. ಅಲ್ಲಿ ಎಲ್ಲರ ಮುಂದೆ ನಾನೇ ಹೇಳ್ತೀನಿ ಬೇಕಾದ್ರೆ.”

ನೋಡೋಣ ಅಂದು ಇಬ್ಬರನ್ನೂ ಕಳಿಸಿದೆ.

ಬರೆದರೆ ಟೀಚರ್ ಬರೆದುದಕ್ಕೆ ತಾಳೆಯಾಗುವುದಿಲ್ಲ. ಇಲ್ಲದ ಮಾತು ಸೇರಿಸುವವಳು ಎಂದು ವಕೀಲ ಎತ್ತಿ ತೋರಿಸುತ್ತಾನೆ, ಸೀಟಿಯ ಕೊನೆಯ ಉಸಿರಿಗೂ ಅಡ್ಡಗೆರೆ ಬೀಳುತ್ತದೆ. ಬರೆಯದಿದ್ದರೆ, ಆ ತುಂಬಿದ ಕೋಣೆಯಲ್ಲಿ ಮಗಳು ಎದ್ದು ಹೇಳುತ್ತಾಳೆ, ಅಮ್ಮ ನನಗೆ ಹೀಗಂದಳು ಎಂದು. ಹಾಗೆ ಅಂದೇ ಇಲ್ಲ ಎಂದು ಆ ಮೀಸೆ ವಕೀಲನ ಬಾಯಿಂದ ಕೇಳುತ್ತಾಳೆ.

ಡ್ರೈವರ್‌ಗೆ ಹೇಳಿದೆ. “ಹೇಳಿಬಿಡು. ನೀನೇ ಹೇಳು. ಬೇಗ ಹೇಳು.”

ಮಾರ್ಚ್ 29. ಬೆಳಗ್ಗೆ

ನಾಳೆ ಬರೆದು ಕೊಡುವ ದಿನ. ಮಗಳನ್ನು ಕರೆಸಿದ್ದೇನೆ. ಬಂದಿದ್ದಾಳೆ. ಅಡುಗೆಮನೆಯಲ್ಲಿ ಡ್ರೈವರ್ ಜತೆ ನಿಂತು ಚಹಾ ಸೋಸುತ್ತಿದ್ದಾಳೆ, ಇಲ್ಲಿಂದ ಬೆನ್ನು ಕಾಣುತ್ತದೆ.

ಬಂದವಳೇ ಮಗ್ಗದ ಹಲಗೆಯ ಮೇಲೆ ನನ್ನ ಪಕ್ಕ ಕೂತಳು. ಅವಳೂ ತುಟಿ ಓದಲು ಕಲಿಯುತ್ತಿದ್ದಾಳಂತೆ. ದಿನಾ ಕನ್ನಡಿಯ ಮುಂದೆ ‘ಸಿಟ್ಟಿಲ್ಲ’ ಅಂತ ದನಿಯಿಲ್ಲದೆ ಹೇಳಿಕೊಂಡು ಬಾಯಿ ಹೇಗೆ ಆಗುತ್ತದೆ ನೋಡುತ್ತಾಳಂತೆ. ಆಮೇಲೆ ವಿಡಿಯೋದಲ್ಲಿ ಹುಡುಕುತ್ತಾಳಂತೆ.

“ಎಷ್ಟು ಸಲ ನೋಡಿದ್ರೂ ಸಿಕ್ತಿಲ್ಲ ದೊಡ್ಡಮ್ಮ. ಎಲ್ಲಿ ಬರುತ್ತೆ ತೋರಿಸಿಕೊಡಿ. ಅಷ್ಟೇ ಕತ್ತರಿಸಿ ಇಟ್ಕೋತೀನಿ.”

ಫೋನು ನನ್ನ ಕೈಗೆ ಕೊಟ್ಟು ಹೋಗಿದ್ದಾಳೆ. ಪರದೆಯ ಮೇಲೆ ಸೀಟಿ, ಬಾಯಿ ತೆರೆದಲ್ಲೇ ವಿಡಿಯೋ ನಿಂತಿದೆ.

ಏನು ಹೇಳುವುದು, ಹೇಗೆ ಹೇಳುವುದು, ಬೆಳಗಿನಿಂದ ಬಾಯಲ್ಲಿ ತಿರುಗಿಸುತ್ತಿದ್ದೇನೆ. ಅಮ್ಮ ಏನೂ ಅನ್ನಲಿಲ್ಲ ಅಂತ ಶುರು ಮಾಡಿದರೆ ಅವಳಿಗೆ ಅಮ್ಮ ಇನ್ನೊಂದು ಸಲ ಸಾಯುತ್ತಾಳೆ. ನಾನು ಹೇಳಿದೆ ಅಂತ ಶುರು ಮಾಡಬೇಕು. ಸಿಟ್ಟಿಲ್ಲ ಅಂದದ್ದು ನಾನು ಮಗಳೇ, ನನಗೆ ನಿಜವಾಗಿ ಸಿಟ್ಟಿಲ್ಲ, ಆದರೆ ನಿನ್ನಮ್ಮ —

ಲೋಟ ಹಿಡಿದು ಬರುತ್ತಿದ್ದಾಳೆ. ನಗುತ್ತಿದ್ದಾಳೆ. ಕಣ್ಣಲ್ಲೇ ಕೇಳುತ್ತಿದ್ದಾಳೆ, ಸಿಕ್ಕಿತಾ ಅಂತ. ಇನ್ನು ಬರೆಯುವುದಲ್ಲ. ಪೆನ್ನು ಕೆಳಗಿಟ್ಟು, ಅವಳ ಮುಖ ನನ್ನ ಕಡೆ ತಿರುಗಿಸಿಕೊಂಡು, ಮೊದಲು ‘ನಾನು’ ಅನ್ನಬೇಕು.